ಹೆಪ್ಪುಗಟ್ಟಿದ ಜಲಪಾತವನ್ನು ಹತ್ತುವ ಹಂಬಲ: ಎಷ್ಟು ಅಪಾಯ, ಏನು ಆಕರ್ಷಣೆ?

ಶಿರಸಿಯ ಅಕ್ಕೋರು:

ನನ್ನ ತಂಗಿಯ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಕೆಲವು ವರ್ಷಗಳಿಂದ ರಾಮನಗರ ಮತ್ತು ಬಾದಾಮಿಯ ಬಂಡೆಗಳನ್ನು ಹಗ್ಗ ಕಟ್ಟಿಕೊಂಡು ಹತ್ತುವ ಅಭ್ಯಾಸ ಬೆಳೆಸಿಕೊಂಡಿದ್ದಾಳೆ. ಅದಕ್ಕೆ ಮನೆಯವರೆಲ್ಲ ಹೇಗೋ ಒಗ್ಗಿಕೊಂಡಿದ್ದೇವೆ. ಈಗ ಬರುವ ಜನವರಿಯಲ್ಲಿ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಗೆ ಹೋಗಿ, ಹೆಪ್ಪುಗಟ್ಟಿ ನಿಂತ ಜಲಪಾತಗಳನ್ನು ಹತ್ತುವುದನ್ನು ಕಲಿಯುತ್ತೇನೆ ಎನ್ನುತ್ತಿದ್ದಾಳೆ. ನಾವು ಉಂಚಳ್ಳಿಯನ್ನೂ ಮಾಗೋಡನ್ನೂ ಕಟಕಟೆಯ ಈಚೆ ನಿಂತು ನೋಡಿ ಬಂದವರು. ಜಲಪಾತವನ್ನು ಕೆಳಗಿನಿಂದ ಮೇಲಕ್ಕೆ ಹತ್ತಬಹುದೆಂಬ ಯೋಚನೆಯೇ ನನಗೆ ಹೊಸದು. ತಂಗಿ ಅಳುತ್ತಾಳೆ, ಭಾವ ಮಾತು ಬಿಟ್ಟಿದ್ದಾರೆ, ಹುಡುಗಿ ಮಾತ್ರ ‘ದೊಡ್ಡಮ್ಮ, ನೀವಾದರೂ ತಿಳಿದುಕೊಂಡು ಮಾತಾಡಿ’ ಎನ್ನುತ್ತಾಳೆ. ಅವಳ ಮಾತು ನ್ಯಾಯವಾದದ್ದು ಎನಿಸಿತು. ಬಂಡೆ ಹತ್ತುವುದಕ್ಕೂ ಮಂಜುಗಡ್ಡೆ ಹತ್ತುವುದಕ್ಕೂ ಇರುವ ವ್ಯತ್ಯಾಸವೇನು, ಅದರ ಅಪಾಯಗಳು ಕಲಿಕೆಯಿಂದ ತಗ್ಗುವಂಥವೋ ಅಥವಾ ಅದೃಷ್ಟವನ್ನು ನಂಬಿಕೊಂಡು ಹೋಗುವಂಥವೋ ಎಂಬುದನ್ನು ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಕೋಡಿಬಾಗದಿಂದ:

ಅಕ್ಕೋರೇ, ನಾನು ಕಾರವಾರದವನು. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ತರಬೇತಿ ಪಡೆದಿದ್ದೇನೆ, ಆಮೇಲೆ ಚಳಿಗಾಲದಲ್ಲಿ ಜಲಪಾತದ ಮಂಜುಗಡ್ಡೆಯನ್ನೂ ಹತ್ತಿದ್ದೇನೆ. ನಿಮ್ಮ ಮೊದಲ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ.

ಬಂಡೆಯಲ್ಲಿ ಕೈಗೆ ಸಿಗುವ ಸಂದು, ಕಾಲಿಗೆ ಸಿಗುವ ಅಂಚು ಮೊದಲೇ ಅಲ್ಲಿರುತ್ತವೆ. ಹತ್ತುವವರು ಅವನ್ನು ಹುಡುಕಿಕೊಂಡು ಹೋಗಬೇಕು. ಮಂಜುಗಡ್ಡೆಯಲ್ಲಿ ಅಂಥದ್ದೇನೂ ಇರುವುದಿಲ್ಲ, ಪ್ರತಿ ಹಿಡಿತವನ್ನೂ ತಾವೇ ಮಾಡಿಕೊಳ್ಳಬೇಕು. ಎರಡು ಕೈಗಳಲ್ಲಿ ಎರಡು ಬಾಗಿದ ಹಿಮಗೊಡಲಿಗಳು, ಬೂಟಿನ ಅಡಿಯಲ್ಲಿ ಕ್ರ್ಯಾಂಪಾನ್ ಎಂಬ ಉಕ್ಕಿನ ಮುಳ್ಳುಗಳ ಚೌಕಟ್ಟು. ಒಂದು ಕೊಡಲಿಯನ್ನು ಬೀಸಿ ನೆಟ್ಟು, ಅದನ್ನು ಹಿಡಿದು ಜೋತು, ಬೂಟಿನ ತುದಿಯ ಮುಳ್ಳುಗಳನ್ನು ಒದ್ದು ನಾಟಿಸಿ, ಮೊಣಕಾಲು ನೇರ ಮಾಡಿ ಎದ್ದು, ಮತ್ತೊಂದು ಕೊಡಲಿಯನ್ನು ಬೀಸುವುದು: ಇಷ್ಟೇ ಕೆಲಸ. ಈ ಇಷ್ಟು ಸಾಧ್ಯವಾಗುವುದಕ್ಕೆ ಸಾಧನಗಳು ಬೆಳೆದು ಬರಬೇಕಾಯಿತು. ಹತ್ತು ಮುಳ್ಳುಗಳ ಕ್ರ್ಯಾಂಪಾನನ್ನು ಆಸ್ಕರ್ ಎಕೆನ್‌ಸ್ಟೈನ್ 1908ರಲ್ಲಿ ರೂಪಿಸಿದರು. ಮುಂದಕ್ಕೆ ಚಾಚಿದ ಮುಳ್ಳುಗಳನ್ನು ಇಟಲಿಯ ಲೋರಾಂ ಗ್ರಿವೆಲ್ ಸೇರಿಸಿದ್ದು 1929ರಲ್ಲಿ. ಅದಕ್ಕೆ ಮೊದಲು ಕಡಿದಾದ ಹಿಮದ ಇಳಿಜಾರಿನಲ್ಲಿ ಒಂದೊಂದು ಮೆಟ್ಟಿಲನ್ನೂ ಕೊಡಲಿಯಿಂದ ಕಡಿದುಕೊಂಡೇ ಹೋಗಬೇಕಿತ್ತು. ಎಳೆದಾಗ ಜಾರಿ ಬರದಂತೆ ಕೊಡಲಿಯ ಮೊನೆಯನ್ನು ಬಾಗಿಸುವ ವಿನ್ಯಾಸವನ್ನು ಇವಾನ್ ಶ್ವಿನಾರ್ಡ್ ಪರಿಚಯಿಸಿದ್ದು 1960ರ ದಶಕದ ಉತ್ತರಾರ್ಧದಲ್ಲಿ. ಅಮೆರಿಕದ ಕೊಲರಾಡೊದಲ್ಲಿರುವ ಬ್ರೈಡಲ್ ವೇಲ್ ಜಲಪಾತವನ್ನು ಜೆಫ್ ಲೋವ್ ಮತ್ತು ಮೈಕ್ ವೀಸ್ 1974ರಲ್ಲಿ ಹತ್ತಿದಾಗ, ನೇರ ನಿಂತ ಮಂಜುಗಡ್ಡೆಯನ್ನೂ ಹತ್ತಬಹುದೆಂಬುದು ಹೊರಜಗತ್ತಿಗೆ ಮನದಟ್ಟಾಯಿತು. ಅಂದರೆ ನೀವು ಕೇಳುತ್ತಿರುವ ಸಾಹಸಕ್ಕೆ ಇನ್ನೂ ನಮ್ಮ ನಿಮ್ಮ ವಯಸ್ಸೇ ಆಗಿದೆ.

ಇನ್ನು ಬೀಳುವ ವಿಷಯ. ಬಾದಾಮಿಯಲ್ಲಿ ಬಂಡೆಗೆ ಬೋಲ್ಟ್ ಜಡಿದಿರುವ ದಾರಿಗಳಲ್ಲಿ ಬೀಳುವುದು ಕಲಿಕೆಯ ಒಂದು ಭಾಗ. ಮಂಜುಗಡ್ಡೆಯಲ್ಲಿ ಮುಂದಾಳಾಗಿ ಹಗ್ಗವನ್ನು ಕೆಳಗಿನಿಂದ ಎಳೆದುಕೊಂಡು ಹೋಗುವವರು ಬೀಳಲೇಬಾರದು ಎಂಬುದು ಮೊದಲ ನಿಯಮ. ಬೀಳುವಾಗ ಬೂಟಿನ ಮುಳ್ಳು ಎಲ್ಲಾದರೂ ಸಿಕ್ಕಿಕೊಂಡರೆ ಕಾಲ ಹರಡು ಮುರಿಯುತ್ತದೆ. ಕೈಯಲ್ಲಿರುವ ಹರಿತವಾದ ಆಯುಧಗಳು ತಮಗೇ ಚುಚ್ಚುತ್ತವೆ. ರಕ್ಷಣೆಗೆಂದು ಗಡ್ಡೆಯೊಳಕ್ಕೆ ತಿರುಗಿಸಿ ಹಗ್ಗ ಸಿಕ್ಕಿಸುವ ಐಸ್ ಸ್ಕ್ರೂ ಒಂದು ಟೊಳ್ಳು ಕೊಳವೆ, ಹತ್ತರಿಂದ ಇಪ್ಪತ್ತೆರಡು ಸೆಂಟಿಮೀಟರ್ ಉದ್ದದ್ದು. ಅದು ಎಷ್ಟು ಭಾರ ತಡೆಯುತ್ತದೆ ಎಂಬುದು ಅದು ಹೊಕ್ಕ ಮಂಜುಗಡ್ಡೆ ಎಷ್ಟು ಗಟ್ಟಿ ಎಂಬುದನ್ನೇ ಅವಲಂಬಿಸಿದೆ. ಬಿಸಿಲು ಬಿದ್ದರೆ ಲೋಹ ಕಾಯ್ದು ಸುತ್ತಲಿನ ಗಡ್ಡೆ ಕರಗುತ್ತದೆ. ಆದರೆ ನಿಮ್ಮ ಹುಡುಗಿಗೆ ಮೊದಲ ಋತುವಿನಲ್ಲಿ ಈ ಚಿಂತೆ ಬರಬಾರದು. ಹೊಸಬರಿಗೆ ಮೇಲಿನಿಂದ ಇಳಿಬಿಟ್ಟ ಹಗ್ಗದಲ್ಲೇ ಕಲಿಸುತ್ತಾರೆ, ಆಗ ಕೈ ತಪ್ಪಿದರೂ ಒಂದೆರಡು ಗೇಣು ಜಾರಿ ಹಗ್ಗದಲ್ಲಿ ತೂಗಾಡುವುದಷ್ಟೇ. ಅವಳಿಗಿರುವ ನಿಜವಾದ ಅಪಾಯಗಳು ಬೇರೆ: ಮೇಲಿನಿಂದ ಬೀಳುವ ಗಡ್ಡೆ, ಚಳಿ, ಎತ್ತರ, ಮತ್ತು ಅಲ್ಲಿಗೆ ಹೋಗುವ ರಸ್ತೆ.

ಅಂಕೋಲೆಯ ಮಾಸ್ತರು:

ನಾನು ಹಿಮಾಲಯ ಹತ್ತಿದವನಲ್ಲ, ಭೌತಶಾಸ್ತ್ರ ಕಲಿಸಿದವನು. ಮೇಲಿನಿಂದ ಬೀಳುವ ಗಡ್ಡೆಯ ಬಗ್ಗೆ ಒಂದು ಲೆಕ್ಕ ಹೇಳಬಹುದು. ಮೂವತ್ತು ಮೀಟರ್ ಎತ್ತರದಿಂದ ಬಿಡುಗಡೆಯಾದ ತುಂಡು ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 24 ಮೀಟರ್ ವೇಗದಲ್ಲಿ ನೆಲ ತಲುಪುತ್ತದೆ, ಅಂದರೆ ಗಂಟೆಗೆ ಎಂಬತ್ತೈದು ಕಿಲೋಮೀಟರಿಗೂ ಹೆಚ್ಚು. ಮಂಜುಗಡ್ಡೆ ನೀರಿಗಿಂತ ಹಗುರವೆಂಬುದು ನಿಜ, ಆದರೂ ಒಂದು ಘನಮೀಟರಿಗೆ 917 ಕಿಲೋ ತೂಗುತ್ತದೆ. ಹಾಗಾಗಿ ಹಗ್ಗ ಹಿಡಿದು ಕೆಳಗೆ ನಿಂತವರು ಹತ್ತುವವರ ನೇರ ಕೆಳಗೆ ನಿಲ್ಲಬಾರದೆಂಬ ನಿಯಮ ಬರೀ ಶಿಸ್ತಿನ ಮಾತಲ್ಲ.

ಅಕ್ಕೋರು ಉಂಚಳ್ಳಿಯ ಮಾತೆತ್ತಿದ್ದಾರೆ. ಅಷ್ಟು ನೀರು ಧುಮ್ಮಿಕ್ಕುವ ಜಲಪಾತ ಎಷ್ಟೇ ಚಳಿಯಿದ್ದರೂ ಸುಲಭವಾಗಿ ಪೂರ್ತಿ ಹೆಪ್ಪುಗಟ್ಟುವುದಿಲ್ಲ. ಬಂಡೆಯ ಮೇಲೆ ತೆಳ್ಳಗೆ ಜಿನುಗುವ ತೊರೆ ಪದರದ ಮೇಲೆ ಪದರವಾಗಿ ಕಟ್ಟಿಕೊಂಡು ಒಳ್ಳೆಯ ಗಡ್ಡೆಯಾಗುತ್ತದೆ. ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ, ಬಂಡೆಗೂ ಗಡ್ಡೆಗೂ ನಡುವೆ, ನೀರು ಹರಿಯುತ್ತಲೇ ಇರಬಹುದು. ಇದು ಬಂಡೆಯಂತೆ ಸಾವಿರಾರು ವರ್ಷ ಒಂದೇ ರೀತಿ ಇರುವ ವಸ್ತುವಲ್ಲ. ಶೂನ್ಯಕ್ಕಿಂತ ಕೆಲವೇ ಡಿಗ್ರಿ ಕೆಳಗಿದ್ದಾಗ ಅದು ತುಸು ಮಿದುವಾಗಿದ್ದು ಕೊಡಲಿಯ ಮೊನೆಯನ್ನು ಕಚ್ಚಿ ಹಿಡಿಯುತ್ತದೆ. ಉಷ್ಣಾಂಶ ಬಹಳ ಕೆಳಗಿಳಿದರೆ ಗಾಜಿನಂತೆ ಪೆಡಸಾಗಿ, ಹೊಡೆದಲ್ಲಿ ಅಗಲವಾದ ಚಕ್ಕೆಗಳಾಗಿ ಸಿಡಿಯುತ್ತದೆ. ಹಠಾತ್ತಾಗಿ ಚಳಿ ಹೆಚ್ಚಿದರೆ ಗಡ್ಡೆ ಸಂಕುಚಿಸಿ ಒಳಗೆ ಬಿಗಿತ ಉಂಟಾಗುತ್ತದೆ, ಆಗ ಬಂಡೆಯ ಆಸರೆಯಿಲ್ಲದೆ ಸ್ತಂಭದಂತೆ ತೂಗುವ ಭಾಗಗಳು ಒಂದೇ ಪೆಟ್ಟಿಗೆ ಮುರಿದು ಬೀಳಬಹುದು. ಹಠಾತ್ತಾಗಿ ಬೆಚ್ಚಗಾದರೂ ಅಪಾಯವೇ, ಏಕೆಂದರೆ ಬಂಡೆಗೂ ಗಡ್ಡೆಗೂ ಇರುವ ಅಂಟು ಸಡಿಲವಾಗುತ್ತದೆ. ಉತ್ತರಕ್ಕೆ ಮುಖ ಮಾಡಿದ ಗೋಡೆಗಳಿಗೆ ಚಳಿಗಾಲದಲ್ಲಿ ಬಿಸಿಲು ತಾಗುವುದು ಕಡಿಮೆಯಾದ್ದರಿಂದ ಅಲ್ಲಿನ ಗಡ್ಡೆ ಹೆಚ್ಚು ದಿನ ನಿಲ್ಲುತ್ತದೆ. ನಿನ್ನೆ ಹತ್ತಿದವರು ಚೆನ್ನಾಗಿದೆ ಎಂದರು ಎಂಬ ಮಾತನ್ನು ನಂಬಿ ಇವತ್ತು ಹೋಗುವಂತಿಲ್ಲ ಎಂಬುದು ನನ್ನ ತಿಳಿವಳಿಕೆ. ಹತ್ತಿದವರು ತಿದ್ದಬಹುದು.

ಕೋಡಿಬಾಗದಿಂದ:

ಮಾಸ್ತರೇ, ತಿದ್ದುವುದಕ್ಕೆ ಏನೂ ಇಲ್ಲ. ನಿನ್ನೆಯದೇನು, ಬೆಳಿಗ್ಗೆ ಇದ್ದದ್ದನ್ನು ನಂಬಿ ಮಧ್ಯಾಹ್ನ ಹೋಗುವಂತಿಲ್ಲದ ಗೋಡೆಗಳೂ ಇವೆ.

ಸಿದ್ದಾಪುರದ ತೋಟಿಗ:

ಎಲ್ಲವನ್ನೂ ಓದಿದೆ. ತಿಳಿವಳಿಕೆಯ ಮಾತುಗಳೇ, ಸಂಶಯವಿಲ್ಲ. ಆದರೆ ನನಗೆ ಬೇರೆಯೇ ಒಂದು ಪ್ರಶ್ನೆಯಿದೆ. ನಮ್ಮ ತೋಟದಲ್ಲಿ ಕೊನೆ (ಅಡಿಕೆ ಗೊನೆ) ಕೊಯ್ಯುವವರು ಅರವತ್ತು ಎಪ್ಪತ್ತು ಅಡಿಯ ಅಡಿಕೆ ಮರ ಹತ್ತಿ, ಕೆಳಗಿಳಿಯದೆ ಮರದಿಂದ ಮರಕ್ಕೆ ದಾಟುತ್ತಾರೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಹತ್ತುವಾಗ ಮರವೆಲ್ಲ ಪಾಚಿ ಕಟ್ಟಿ ಜಾರುತ್ತಿರುತ್ತದೆ. ಬಿದ್ದರೆ ಸೊಂಟ ಮುರಿಯುತ್ತದೆ ಅಥವಾ ಜೀವ ಹೋಗುತ್ತದೆ, ಒಂದು ಮನೆ ಮುಳುಗುತ್ತದೆ. ಆ ಅಪಾಯವನ್ನು ಕಡಿಮೆ ಮಾಡಬೇಕೆಂದೇ ಈಗ ನೆಲದ ಮೇಲೆ ನಿಂತು ಕೊನೆ ಇಳಿಸುವ ಫೈಬರ್ ದೋಟಿ ಬಂದಿದೆ, ನಾವೂ ತಂದಿದ್ದೇವೆ. ಹೊಟ್ಟೆಪಾಡಿಗೆ ಹತ್ತುತ್ತಿದ್ದವರು ಇಳಿಯುತ್ತಿರುವ ಕಾಲದಲ್ಲಿ, ನೆಲದ ಮೇಲೆ ಸುಖವಾಗಿದ್ದವರು ದುಡ್ಡು ಕೊಟ್ಟು ಹತ್ತಲು ಹೋಗುತ್ತಾರೆಂದರೆ ಅದರ ಹಿಂದಿನ ಒತ್ತಾಯವೇನು? ಇದು ಕೊಂಕಿನ ಮಾತಲ್ಲ, ಅರ್ಥವಾಗದೆ ಕೇಳುತ್ತಿದ್ದೇನೆ. ಫೋಟೊ ಹಾಕುವುದಕ್ಕೆಂದಾದರೆ ಬೇಡ ಎಂದೇ ಹೇಳುತ್ತೇನೆ.

ಶರಾವತಿ ದಂಡೆ:

ತೋಟಿಗರೇ, ನಾನು ಹೊನ್ನಾವರದವಳು, ಸ್ಪಿತಿಯಲ್ಲಿ ಹತ್ತಿ ಬಂದವಳು. ಫೋಟೊಕ್ಕೆಂದು ಬಂದವರನ್ನು ನಾನೂ ನೋಡಿದ್ದೇನೆ. ಮೊದಲ ದಿನದ ಮಧ್ಯಾಹ್ನದ ಹೊತ್ತಿಗೆ ಅವರ ಉತ್ಸಾಹ ಹೆಚ್ಚುಕಡಿಮೆ ಇಳಿದಿರುತ್ತದೆ, ಏಕೆಂದರೆ ಈ ಕೆಲಸದಲ್ಲಿ ಸುಖವೆನ್ನುವಂಥದ್ದು ಬಹಳ ಕಡಿಮೆ. ಕೈಗಳನ್ನು ತಲೆಯ ಮೇಲೆತ್ತಿ ಕೊಡಲಿ ಹಿಡಿದು ಹಿಡಿದು ಬೆರಳುಗಳಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಇಳಿದ ಮೇಲೆ ರಕ್ತ ಮರಳಿ ಬರುವಾಗಿನ ನೋವಿಗೆ ವಾಂತಿ ಬಂದಂತಾಗುತ್ತದೆ, ಗಟ್ಟಿಗರೂ ಕಣ್ಣೀರು ಹಾಕುತ್ತಾರೆ. ನಂತರದ ಬಹುಪಾಲು ಸಮಯ ನಡುಗುತ್ತ ಹಗ್ಗ ಹಿಡಿದು ನಿಲ್ಲುವುದರಲ್ಲೇ ಕಳೆಯುತ್ತದೆ.

ಹಾಗಿದ್ದರೂ ಏಕೆ ಹೋಗುತ್ತೇವೆ ಎಂಬುದಕ್ಕೆ ನನಗೆ ತಿಳಿದಷ್ಟು ಹೇಳುತ್ತೇನೆ. ಮಂಜುಗಡ್ಡೆ ಮಾತನಾಡುತ್ತದೆ ಎಂದರೆ ಅತಿಯಾಯಿತೆನಿಸಬಹುದು, ಆದರೆ ಅದರ ದನಿಯನ್ನು ಕೇಳದೆ ಹತ್ತಲು ಸಾಧ್ಯವೇ ಇಲ್ಲ. ಕೊಡಲಿ ಸರಿಯಾಗಿ ಕೂತರೆ ಮಂದವಾದ ಒಂದು ‘ಥಕ್’ ಶಬ್ದ ಬರುತ್ತದೆ, ಒಳಗೆ ಟೊಳ್ಳಿದ್ದರೆ ಡೋಲಿನಂತೆ ಗುಂಯ್‌ಗುಡುತ್ತದೆ, ಸಿಡಿಯುವ ಮೊದಲು ಚಿರ್ರನೆ ಒಂದು ಬಿಳಿಯ ಬಿರುಕು ಓಡುತ್ತದೆ. ಬಣ್ಣವೂ ಹೇಳುತ್ತದೆ: ನೀಲಿ ಛಾಯೆಯದು ಸಾಮಾನ್ಯವಾಗಿ ದಟ್ಟವಾಗಿರುತ್ತದೆ, ಹಾಲಿನಂತೆ ಬೆಳ್ಳಗಿರುವುದರಲ್ಲಿ ಗಾಳಿ ಸೇರಿರುತ್ತದೆ. ಪ್ರತಿ ಪೆಟ್ಟಿಗೂ ಮುನ್ನ ನೋಡಬೇಕು, ಪ್ರತಿ ಪೆಟ್ಟಿನ ನಂತರ ಕೇಳಬೇಕು. ಕಚೇರಿಯ ಕೆಲಸದಲ್ಲಿ ಮನಸ್ಸು ಹತ್ತು ಕಡೆ ಹಂಚಿಹೋಗಿರುವ ನನ್ನಂಥವಳಿಗೆ, ಎರಡು ಅಡಿ ಎದುರಿನ ಒಂದು ಉಬ್ಬನ್ನು ಬಿಟ್ಟು ಲೋಕದಲ್ಲಿ ಬೇರೇನೂ ಇಲ್ಲವಾಗುವ ಆ ಹೊತ್ತು ಮತ್ತೆಲ್ಲೂ ಸಿಕ್ಕಿಲ್ಲ.

ಇನ್ನೊಂದು ಕಾರಣ, ಅದು ಉಳಿಯುವುದಿಲ್ಲ ಎಂಬುದು. ಈ ವರ್ಷ ಹತ್ತಿದ ದಾರಿ ಏಪ್ರಿಲ್ ಹೊತ್ತಿಗೆ ನೀರಾಗಿ ನದಿ ಸೇರಿರುತ್ತದೆ, ಮುಂದಿನ ವರ್ಷ ಅದೇ ಬಂಡೆಯ ಮೇಲೆ ಬೇರೆಯೇ ಆಕಾರ ಕಟ್ಟುತ್ತದೆ. ಕೆನಡಾದ ವಿಲ್ ಗ್ಯಾಡ್ 2015ರ ಜನವರಿಯಲ್ಲಿ ನಯಾಗರಾದ ಹೆಪ್ಪುಗಟ್ಟಿದ ಅಂಚೊಂದನ್ನು ಹತ್ತಿದರು, ಪಕ್ಕದಲ್ಲೇ ಜಲಪಾತ ಭೋರ್ಗರೆಯುತ್ತಿತ್ತು. ಅವರೇ 2014ರಲ್ಲಿ ಆಫ್ರಿಕದ ಕಿಲಿಮಂಜಾರೊ ನೆತ್ತಿಯ ಹಿಮಗೋಡೆಗಳನ್ನು ಹತ್ತಿ, 2020ರಲ್ಲಿ ಮತ್ತೆ ಹೋದಾಗ ತಾವು ಹತ್ತಿದ್ದರಲ್ಲಿ ಬಹುಭಾಗ ಕರಗಿಹೋಗಿತ್ತು. ಇದು ಹಂಬಲವನ್ನು ಹೆಚ್ಚಿಸುತ್ತದೆ ಎಂಬುದು ನಿಜ, ವಿವೇಕವನ್ನು ಕೆಡಿಸುತ್ತದೆ ಎಂಬುದೂ ನಿಜ. ಈ ವಾರ ಬಿಟ್ಟರೆ ಇಲ್ಲ ಎಂಬ ಯೋಚನೆ ತಲೆಗೆ ಹೊಕ್ಕವರು ಹಿಂದಿರುಗಬೇಕಾದ ಹೊತ್ತಿನಲ್ಲಿ ಹಿಂದಿರುಗುವುದಿಲ್ಲ.

ಕುಮಟಾದ ವೈದ್ಯ:

ಹತ್ತುವ ಮಾತೇ ಹೆಚ್ಚಾಗಿದೆ, ಅಲ್ಲಿ ಉಸಿರಾಡುವ ಮಾತು ಕಡಿಮೆಯಾಗಿದೆ. ಸ್ಪಿತಿಯ ಕಾಜಾ ಊರು ಸಮುದ್ರಮಟ್ಟದಿಂದ 3,600 ಮೀಟರಿಗೂ ಮೇಲಿದೆ. ಅಲ್ಲಿನ ಗಾಳಿಯ ಒತ್ತಡ, ಹಾಗಾಗಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ, ನಮ್ಮ ಕರಾವಳಿಯ ಮೂರನೇ ಎರಡರಷ್ಟು ಮಾತ್ರ. ಬಂಡೆ ಹತ್ತಿ ಮೈ ಎಷ್ಟೇ ಹುರಿಗೊಂಡಿದ್ದರೂ ಎತ್ತರದ ಕಾಯಿಲೆಯಿಂದ ಅದು ರಕ್ಷಿಸುವುದಿಲ್ಲ. ಗಟ್ಟಿಮುಟ್ಟಾದ ಯುವಕರು ಅವಸರದಲ್ಲಿ ಮೇಲೇರಿ ಕಾಯಿಲೆ ಬೀಳುವುದೇ ಹೆಚ್ಚು. ಮೂರು ಸಾವಿರ ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಎತ್ತರವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ತಂಗಬೇಕು ಎಂಬುದು ಸಾಮಾನ್ಯ ಸೂತ್ರ. ಚಳಿಗಾಲದಲ್ಲಿ ಮನಾಲಿ ಕಡೆಯಿಂದ ಬರುವ ಕುಂಜುಮ್ ಕಣಿವೆದಾರಿ ಮುಚ್ಚಿರುವುದರಿಂದ ಸ್ಪಿತಿಗೆ ಶಿಮ್ಲಾದಿಂದ ಕಿನ್ನೌರಿನ ಮೂಲಕವೇ ಹೋಗಬೇಕು. ಆ ದಾರಿ ಉದ್ದವಾದರೂ ನಿಧಾನವಾಗಿ ಏರುವುದರಿಂದ ವೈದ್ಯನಾದ ನನಗೆ ಅದೇ ಒಳ್ಳೆಯದೆನಿಸುತ್ತದೆ. ವಿಮಾನದಲ್ಲಿ ಲೇಹ್‌ಗೆ ಹೋಗಿ ಇಳಿಯುವವರು ಒಂದೆರಡು ಗಂಟೆಯಲ್ಲೇ 3,500 ಮೀಟರ್ ತಲುಪಿರುತ್ತಾರೆ, ಅವರು ಮೊದಲ ದಿನಗಳನ್ನು ವಿಶ್ರಾಂತಿಯಲ್ಲೇ ಕಳೆಯಬೇಕು.

ತಲೆನೋವು, ಹಸಿವಿಲ್ಲದಿರುವುದು, ವಾಕರಿಕೆ ಬಂದರೆ ಮೇಲೇರುವುದನ್ನು ನಿಲ್ಲಿಸಬೇಕು. ಕುಳಿತಲ್ಲೇ ಏದುಸಿರು, ನೊರೆಯ ಕಫ, ನಡೆಯುವಾಗ ತೂರಾಟ, ಮಾತಿನಲ್ಲಿ ಗೊಂದಲ ಕಂಡುಬಂದರೆ ಶ್ವಾಸಕೋಶದಲ್ಲಿ ಅಥವಾ ಮೆದುಳಿನಲ್ಲಿ ನೀರು ತುಂಬುತ್ತಿದೆಯೆಂದೇ ತಿಳಿದು, ರಾತ್ರಿಯಾದರೂ ಕೆಳಗಿಳಿಸಬೇಕು. ಆಮ್ಲಜನಕ ಮತ್ತು ಔಷಧಿ ಕೊಡುವುದು ಇಳಿಸುವುದಕ್ಕೆ ಪರ್ಯಾಯವಲ್ಲ. ಮುಂಜಾಗ್ರತೆಗೆ ಅಸೆಟಝೋಲಮೈಡ್ ಮಾತ್ರೆ ತೆಗೆದುಕೊಳ್ಳುವವರಿದ್ದಾರೆ, ಅದನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು, ಸಲ್ಫಾ ಔಷಧಿಗಳ ಅಲರ್ಜಿಯಿದ್ದರೆ ಮೊದಲೇ ಹೇಳಬೇಕು. ಹಿಮಕಡಿತವಾದ ಬೆರಳನ್ನು ಹಿಮದಿಂದ ಉಜ್ಜುವ ಹಳೆಯ ಪದ್ಧತಿ ಪೂರ್ತಿ ತಪ್ಪು, ಉಜ್ಜಲೇಬಾರದು. ಮತ್ತೆ ಹೆಪ್ಪುಗಟ್ಟುವ ಸಂಭವವಿಲ್ಲದ ಜಾಗ ತಲುಪಿದ ಮೇಲೆಯೇ, 37ರಿಂದ 39 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ ಅದ್ದಬೇಕು. ಬೆಂಕಿಗೆ ಹಿಡಿಯಬಾರದು, ಮರಗಟ್ಟಿದ ಚರ್ಮಕ್ಕೆ ಸುಡುವುದು ಗೊತ್ತಾಗುವುದಿಲ್ಲ.

ಯಲ್ಲಾಪುರದಿಂದ:

ಎಲ್ಲರೂ ತರಬೇತಿ, ಎಚ್ಚರಿಕೆ ಎನ್ನುತ್ತಿದ್ದೀರಿ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ ಶಿಖರದಲ್ಲಿ ಏನಾಯಿತೆಂಬುದನ್ನು ಯಾರೂ ಹೇಳುತ್ತಿಲ್ಲವೇಕೆ? ಅಲ್ಲಿ ಹಿಮಕುಸಿತಕ್ಕೆ ಸಿಕ್ಕಿದ್ದು ನೆಹರೂ ಸಂಸ್ಥೆಯದೇ ಮುಂದುವರಿದ ತರಬೇತಿಯ ತಂಡ. ಇಪ್ಪತ್ತೈದಕ್ಕೂ ಹೆಚ್ಚು ಜನ ಜೀವ ಬಿಟ್ಟರು. ಅದೇ ವರ್ಷ ಮೇ ತಿಂಗಳಲ್ಲಿ ಎವರೆಸ್ಟ್ ಮತ್ತು ಮಕಾಲು ಎರಡನ್ನೂ ಏರಿದ್ದ ಸವಿತಾ ಕಂಸ್ವಾಲ್ ಅಲ್ಲಿ ಬೋಧಕಿಯಾಗಿದ್ದರು, ಅವರೂ ಉಳಿಯಲಿಲ್ಲ. 2024ರ ಜೂನ್ ಆರಂಭದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ ಕರ್ನಾಟಕದ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ಸತ್ತರು. ಅದು ಮಂಜುಗಡ್ಡೆ ಹತ್ತುವ ಸಾಹಸವೂ ಅಲ್ಲ, ನಡಿಗೆ ಅಷ್ಟೇ. ಅತ್ಯುತ್ತಮ ಬೋಧಕರೇ ಉಳಿಯದ ಕಡೆ ಹೊಸ ಹುಡುಗಿಯೊಬ್ಬಳು ಎಚ್ಚರಿಕೆಯಿಂದ ಇದ್ದರೆ ಸಾಕೆನ್ನುವುದು ತಾಯಿತಂದೆಗೆ ಹೇಳುವ ಸಮಾಧಾನವೇ ಹೊರತು ಸತ್ಯವಲ್ಲ.

ಕೋಡಿಬಾಗದಿಂದ:

ನಾನು ಕಲಿತ ಸಂಸ್ಥೆಯ ವಿಷಯವದು, ಮರೆತು ಬಿಟ್ಟದ್ದಲ್ಲ. ನಿಮ್ಮ ಮಾತಿನಲ್ಲಿ ಮುಕ್ಕಾಲು ಪಾಲನ್ನು ನಾನು ಒಪ್ಪುತ್ತೇನೆ, ಉಳಿದ ಕಾಲು ಪಾಲಿನಲ್ಲೇ ಅಕ್ಕೋರ ಪ್ರಶ್ನೆಗೆ ಉತ್ತರವಿದೆ ಎಂದುಕೊಂಡಿದ್ದೇನೆ.

ಈ ಸಾಹಸದಲ್ಲಿ ಎರಡು ಬಗೆಯ ಅಪಾಯಗಳಿವೆ, ಅವನ್ನು ಬೆರೆಸಿ ಮಾತನಾಡುವುದರಿಂದಲೇ ಇಷ್ಟೊಂದು ಗೊಂದಲ. ಕೈ ಜಾರುವುದು, ಗಂಟು ತಪ್ಪಾಗಿ ಕಟ್ಟುವುದು, ಸ್ಕ್ರೂವನ್ನು ಕೆಟ್ಟ ಗಡ್ಡೆಗೆ ಸೇರಿಸುವುದು, ಬೆರಳು ಮರಗಟ್ಟುವವರೆಗೆ ಸುಮ್ಮನಿರುವುದು: ಇವೆಲ್ಲ ಕಲಿತಷ್ಟೂ ಕಡಿಮೆಯಾಗುವ ಅಪಾಯಗಳು. ಹಿಮಕುಸಿತ, ಮೇಲೆ ತೂಗುವ ದೊಡ್ಡ ಹಿಮಬಂಡೆ, ತಾನಾಗಿ ಕಳಚಿ ಬೀಳುವ ಸ್ತಂಭ: ಇವಕ್ಕೆ ಕೆಳಗೆ ಇರುವವರ ಕೌಶಲ ಗೊತ್ತಾಗುವುದಿಲ್ಲ. 2014ರ ಏಪ್ರಿಲ್ 18ರಂದು ಎವರೆಸ್ಟಿನ ಖುಂಬು ಹಿಮಪ್ರಪಾತದಲ್ಲಿ ಹಿಮಬಂಡೆ ಕುಸಿದು ಸತ್ತ ಹದಿನಾರು ಮಂದಿ ನೇಪಾಳದ ಕೆಲಸಗಾರರಿಗೆ ಆ ದಾರಿ ಅಂಗೈ ಗೆರೆಯಷ್ಟು ಪರಿಚಿತವಾಗಿತ್ತು. ಎರಡನೆಯ ಬಗೆಯ ಅಪಾಯಕ್ಕೆ ಇರುವುದು ಒಂದೇ ಉಪಾಯ, ಆ ಹೊತ್ತಿನಲ್ಲಿ ಆ ಜಾಗದಲ್ಲಿ ಇಲ್ಲದಿರುವುದು. ನಿಮ್ಮ ಮಾತಿನಲ್ಲಿ ನಾನು ಒಪ್ಪದ ಕಾಲು ಪಾಲು ಇದು: ಎಲ್ಲಿ ಇರಬಾರದೆಂಬುದನ್ನು ಬಹುಮಟ್ಟಿಗೆ ಮೊದಲೇ ತಿಳಿಯಬಹುದು.

ನಮ್ಮ ಜಿಲ್ಲೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 2009ರಲ್ಲಿ ಕಡವಾಡದಲ್ಲಿ, 2024ರಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ನೋಡಿದ ಮೇಲೆ, ಸತತ ಮಳೆಯಾದ ದಿನ ಕಡಿದ ಗುಡ್ಡದ ಬುಡದಲ್ಲಿ ನಿಲ್ಲಬಾರದೆಂಬುದು ನಮಗೆ ತಿಳಿದಿದೆ. ಹಿಮಕುಸಿತವೂ ಹೆಚ್ಚಾಗಿ ಮೂವತ್ತರಿಂದ ನಲವತ್ತೈದು ಡಿಗ್ರಿಯ ಇಳಿಜಾರಿನಲ್ಲಿ, ಹೊಸ ಹಿಮ ದಪ್ಪಗೆ ಬಿದ್ದ ಮರುದಿನಗಳಲ್ಲಿ, ಗಾಳಿ ಹಿಮವನ್ನು ತಂದು ಒಂದು ಮಗ್ಗುಲಲ್ಲಿ ಪೇರಿಸಿದಾಗ, ಅಥವಾ ಹಠಾತ್ತಾಗಿ ಬಿಸಿಲೇರಿದಾಗ ಆಗುತ್ತದೆ. ನೆಟ್ಟಗೆ ನಿಂತ ಗೋಡೆಯಲ್ಲಿ ಹಿಮ ನಿಲ್ಲುವುದಿಲ್ಲ, ಆದ್ದರಿಂದ ಜಲಪಾತದಲ್ಲಿ ಹಿಮಕುಸಿತದ ಭಯವಿಲ್ಲ ಎಂದು ಹೊಸಬರು ಎಣಿಸುತ್ತಾರೆ. ಈ ಎಣಿಕೆ ಬಹಳ ಅಪಾಯಕಾರಿ. ಜಲಪಾತ ಇರುವುದೇ ನೀರು ಇಳಿದು ಬರುವ ಕೊರಕಲಿನಲ್ಲಿ, ಮೇಲಿನ ದೊಡ್ಡ ಇಳಿಜಾರಿನ ಹಿಮ ಕುಸಿದರೂ ಅದೇ ಕೊರಕಲನ್ನೇ ಹಿಡಿದು ಇಳಿಯುತ್ತದೆ. ಹತ್ತುವ ಗೋಡೆಯನ್ನು ಮಾತ್ರ ನೋಡದೆ ಅದರ ನೆತ್ತಿಯ ಮೇಲೆ, ಕಣ್ಣಿಗೆ ಕಾಣದ ಕಡೆ ಏನಿದೆ ಎಂಬುದನ್ನು ನಕ್ಷೆಯಿಂದಲೂ ಊರಿನವರಿಂದಲೂ ತಿಳಿದುಕೊಂಡೇ ಹೋಗಬೇಕು. ಹಿಮದಡಿ ಸಿಲುಕಿದವರನ್ನು ಹತ್ತು ಹದಿನೈದು ನಿಮಿಷಗಳೊಳಗೆ ಹೊರತೆಗೆದರೆ ಬಹುಪಾಲು ಬದುಕುತ್ತಾರೆ, ಅರ್ಧ ಗಂಟೆ ದಾಟಿದರೆ ಮೂವರಲ್ಲಿ ಒಬ್ಬರು ಉಳಿದರೆ ಹೆಚ್ಚು. ಅಷ್ಟು ಬೇಗ ಹೊರತೆಗೆಯುವವರು ಜೊತೆಯಲ್ಲಿದ್ದವರೇ ಆಗಿರಬೇಕು. ಸಂಕೇತ ಕಳಿಸುವ ಯಂತ್ರ, ಹುಡುಕುವ ಕೋಲು, ಸಲಿಕೆ ಮೂರೂ ಪ್ರತಿಯೊಬ್ಬರ ಬಳಿ ಇಲ್ಲದಿದ್ದರೆ ಅಂಥ ಕೊರಕಲಿಗೆ ಕಾಲಿಡಬಾರದು.

ಇದೆಲ್ಲ ಮಾಡಿದ ಮೇಲೂ ಒಂದಿಷ್ಟು ಅಪಾಯ ಉಳಿಯುತ್ತದೆ. ಅದು ಸೊನ್ನೆಯಾಗುತ್ತದೆ ಎಂದು ಯಾರಾದರೂ ಹೇಳಿದರೆ ಅವರ ಜೊತೆ ಹೋಗಬಾರದು.

ಸಿದ್ದಾಪುರದ ತೋಟಿಗ:

ಶರಾವತಿ ದಂಡೆಯವರ ಉತ್ತರ ಓದಿ ಹಂಬಲವೇನೆಂಬುದು ಸ್ವಲ್ಪ ಹೊಳೆಯಿತು, ತಂಗಿಗೆ ವಂದನೆ. ಕೊನೆ ಕೊಯ್ಯುವವರೊಬ್ಬರು, ಮರದ ಮೇಲಿದ್ದಾಗ ಮನೆಯ ಸಾಲ ನೆನಪಾಗುವುದಿಲ್ಲ ಎಂದು ನಮ್ಮ ಅಂಗಳದಲ್ಲಿ ಕುಳಿತು ಹೇಳಿದ್ದರು. ಆಗ ನಾನು ನಕ್ಕು ಸುಮ್ಮನಾಗಿದ್ದೆ. ಆದರೂ ಒಂದು ಮಾತು ಉಳಿಯುತ್ತದೆ: ಅಲ್ಲಿ ಏನಾದರೂ ಆದರೆ ಎತ್ತಿ ತರುವವರು ಯಾರು? ತನ್ನ ಖುಷಿಗೆ ಹೋದವರನ್ನು ಕಾಪಾಡಲು ಬೇರೆಯವರು ಜೀವ ಪಣಕ್ಕಿಡಬೇಕೇ?

ಶರಾವತಿ ದಂಡೆ:

ಈ ಪ್ರಶ್ನೆಯನ್ನು ನಾವು ಹತ್ತುವವರು ಸಾಕಷ್ಟು ಕೇಳಿಕೊಳ್ಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಯುರೋಪಿನ ಆಲ್ಪ್ಸ್‌ನಲ್ಲಿ ದೂರವಾಣಿ ಮಾಡಿದರೆ ಹೆಲಿಕಾಪ್ಟರ್ ಬೇಗನೆ ಬರುವ ವ್ಯವಸ್ಥೆಯಿದೆ. ಚಳಿಗಾಲದ ಸ್ಪಿತಿಯಲ್ಲಿ ಹಾಗೆಂದುಕೊಂಡು ಹೋಗುವಂತಿಲ್ಲ. ಹವಾಮಾನ ಕೆಟ್ಟರೆ ಹೆಲಿಕಾಪ್ಟರ್ ಹಾರುವುದಿಲ್ಲ, ರಸ್ತೆಗೆ ಬಂಡೆಯೋ ಹಿಮವೋ ಬಿದ್ದು ದಿನಗಟ್ಟಲೆ ಮುಚ್ಚಿರಬಹುದು. ಮೊದಲು ಓಡಿ ಬರುವವರು ಪಕ್ಕದ ಹಳ್ಳಿಯವರು, ಅವರ ಮನೆಗಳಲ್ಲೇ ನಾವು ಉಳಿದುಕೊಂಡಿರುತ್ತೇವೆ, ಅವರ ಒಲೆಯ ಸುತ್ತಲೇ ಬೂಟು ಒಣಗಿಸಿಕೊಂಡಿರುತ್ತೇವೆ. ಆದ್ದರಿಂದ ಮುರಿದ ಕಾಲಿನವರನ್ನು ಗೋಡೆಯಿಂದ ಇಳಿಸಿ ರಸ್ತೆಯವರೆಗೆ ಹೊತ್ತು ತರುವಷ್ಟು ಬಲ ಮತ್ತು ತಿಳಿವಳಿಕೆ ತಂಡದೊಳಗೇ ಇರಬೇಕು. ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಸಾಹಸ ಕ್ರೀಡೆಯ ಗಾಯಗಳನ್ನು ಹೊರಗಿಡುವ ಷರತ್ತು ಇರುವುದು ಸಾಮಾನ್ಯ. ಆ ಸಣ್ಣ ಅಕ್ಷರಗಳನ್ನು ಓದಿ, ಪರ್ವತಾರೋಹಣವನ್ನೂ ಸ್ಥಳಾಂತರದ ವೆಚ್ಚವನ್ನೂ ಒಳಗೊಂಡ ವಿಮೆ ಮಾಡಿಸಿಕೊಳ್ಳಬೇಕು.

ಶಿರಸಿಯ ಅಕ್ಕೋರು:

ಎಲ್ಲರಿಗೂ ಋಣಿ. ಯಲ್ಲಾಪುರದವರ ಮಾತು ಓದುವಾಗ ಎದೆ ನಡುಗಿತು, ಆದರೆ ಅದನ್ನು ಹೇಳಲೇಬೇಕಿತ್ತು. ಇನ್ನೊಂದು ಸಂಶಯ ಉಳಿದಿದೆ. ಹುಡುಗಿ ಹೇಳುತ್ತಿರುವುದು ಖಾಸಗಿಯವರು ನಡೆಸುವ ಒಂದು ವಾರದ ಶಿಬಿರದ ವಿಷಯ. ಅದರ ಬದಲು ಸಂಸ್ಥೆಯ ತರಬೇತಿಗೆ ಹೋಗು ಎಂದು ಹೇಳಬಹುದೇ? ಎರಡೂ ಒಂದೇ ಬಗೆಯ ಕಲಿಕೆಯೇ?

ಕೋಡಿಬಾಗದಿಂದ:

ಒಂದೇ ಅಲ್ಲ. ಡಾರ್ಜಿಲಿಂಗಿನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ 1954ರಲ್ಲಿ, ಮನಾಲಿಯ ಸಂಸ್ಥೆ 1961ರಲ್ಲಿ, ಉತ್ತರಕಾಶಿಯದು 1965ರಲ್ಲಿ ಆರಂಭವಾದವು. ಇವುಗಳ ಮೂಲ ತರಬೇತಿ ನಾಲ್ಕು ವಾರಗಳ ಆಸುಪಾಸಿನದು, ಬಂಡೆ, ಹಿಮ, ಮಂಜುಗಡ್ಡೆ ಮೂರನ್ನೂ ಕಲಿಸುತ್ತಾರೆ. ಆದರೆ ಅಲ್ಲಿನ ಮಂಜುಗಡ್ಡೆಯ ಪಾಠ ನಡೆಯುವುದು ಹಿಮನದಿಯ ಮೇಲೆ. ಹಿಮನದಿಯ ಗಡ್ಡೆ ವರ್ಷಾನುಗಟ್ಟಲೆ ಹಿಮ ಒತ್ತಿ ಒತ್ತಿ ಆದದ್ದು, ಜಲಪಾತದ್ದು ಈ ಚಳಿಗಾಲದಲ್ಲಿ ಕಟ್ಟಿದ್ದು, ಎರಡರ ಸ್ವಭಾವ ಬೇರೆ. ಜಲಪಾತ ಹತ್ತುವ ತಂತ್ರವನ್ನಷ್ಟೇ ಕಲಿಯಲು ಒಳ್ಳೆಯ ಶಿಬಿರವೊಂದು ಸಾಕಾಗಬಹುದು. ಬೆಟ್ಟದಲ್ಲಿ ಬದುಕುವುದನ್ನು, ಆಜ್ಞೆ ಪಾಲಿಸುವುದನ್ನು, ಭಾರ ಹೊರುವುದನ್ನು, ಹಿಮಬಿರುಕಿಗೆ ಬಿದ್ದವರನ್ನು ಎತ್ತುವುದನ್ನು ಕಲಿಯಲು ಸಂಸ್ಥೆಯೇ ಸರಿ. ಮೊದಲು ಮೂಲ ತರಬೇತಿ, ಆಮೇಲೆ ಶಿಬಿರ ಎಂಬುದು ನನ್ನ ಸಲಹೆ. ಸಂಸ್ಥೆಗಳಲ್ಲಿ ಜಾಗ ಬಹಳ ಮುಂಚೆಯೇ ತುಂಬಿಹೋಗುವುದರಿಂದ ಬರುವ ಜನವರಿಯ ಯೋಜನೆ ಒಂದು ವರ್ಷ ಮುಂದಕ್ಕೆ ಹೋಗುತ್ತದೆ. ಹೋದರೆ ಹೋಗಲಿ. ಮಹಿಳೆಯರಿಗೆ ಪ್ರತ್ಯೇಕ ತಂಡಗಳೂ ಇರುತ್ತವೆ, ಭಾವನವರಿಗೆ ಅದನ್ನು ತಿಳಿಸಿ, ಮಾತು ಆರಂಭವಾದೀತು.

ಶಿಬಿರಕ್ಕೇ ಹೋಗುತ್ತೇನೆಂದು ಹಟ ಹಿಡಿದರೆ, ದುಡ್ಡು ಕಟ್ಟುವ ಮೊದಲು ಅವಳು ನಡೆಸುವವರನ್ನು ಕೆಲವು ವಿಷಯ ಕೇಳಲಿ. ಒಬ್ಬ ಬೋಧಕರಿಗೆ ಎಷ್ಟು ಜನ ಕಲಿಯುವವರು? ಬೋಧಕರು ಹಿಂದಿನ ಚಳಿಗಾಲಗಳಲ್ಲಿ ಅದೇ ಕಣಿವೆಯಲ್ಲಿ ಹತ್ತಿದ್ದಾರೆಯೇ? ಹತ್ತುವ ಗೋಡೆಯ ನೆತ್ತಿಯಲ್ಲಿ ಏನಿದೆ? ಕಾಜಾ ತಲುಪಿದ ಮೇಲೆ ಎಷ್ಟು ದಿನ ಹತ್ತದೆ ಸುಮ್ಮನಿರುತ್ತಾರೆ? ಆಮ್ಲಜನಕ ಎಲ್ಲಿರುತ್ತದೆ, ಊರಿನಲ್ಲೋ ಗೋಡೆಯ ಬುಡದಲ್ಲೋ? ನಾನು ಹೆಚ್ಚು ತೂಕ ಕೊಡುವ ಪ್ರಶ್ನೆಯೆಂದರೆ, ಕಳೆದ ಋತುವಿನಲ್ಲಿ ಯಾವ ದಿನ, ಯಾವ ಕಾರಣಕ್ಕೆ, ಹತ್ತದೆ ಹಿಂದಿರುಗಿದಿರಿ ಎಂಬುದು. ಈ ಪ್ರಶ್ನೆಗೆ ಥಟ್ಟನೆ ಉತ್ತರ ಕೊಡುವವರು, ಕಾರಣವನ್ನು ವಿವರವಾಗಿ ಹೇಳುವವರು, ನಂಬಿಕೆಗೆ ಅರ್ಹರು. ಅಂಥ ದಿನವೇ ಬಂದಿಲ್ಲ ಎನ್ನುವವರು ಗಡ್ಡೆಯನ್ನು ನೋಡುತ್ತಿಲ್ಲ.

ಯಲ್ಲಾಪುರದಿಂದ:

ನನ್ನ ಅಭಿಪ್ರಾಯ ಬದಲಾಗಿಲ್ಲ. ನನ್ನ ಮಗಳಾಗಿದ್ದರೆ ಕಳಿಸುತ್ತಿರಲಿಲ್ಲ. ಆದರೆ ಕೊನೆಯ ಪ್ರಶ್ನೆ ಒಳ್ಳೆಯದು. ಅದಕ್ಕೆ ಸಿಕ್ಕ ಉತ್ತರವನ್ನು ಅಕ್ಕೋರು ಇಲ್ಲಿ ಬರೆದರೆ ಉಳಿದವರಿಗೂ ಉಪಯೋಗವಾಗುತ್ತದೆ.

ಶರಾವತಿ ದಂಡೆ:

ಸಲಕರಣೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕೊಡಲಿ, ಕ್ರ್ಯಾಂಪಾನ್, ಹಗ್ಗಗಳನ್ನು ಮೊದಲ ಬಾರಿ ಕೊಳ್ಳುವ ಅಗತ್ಯವಿಲ್ಲ, ಶಿಬಿರದವರೇ ಕೊಡುತ್ತಾರೆ. ಬೂಟನ್ನು ಮಾತ್ರ ಹೊರಡುವ ಮೊದಲೇ ದಪ್ಪ ಕಾಲುಚೀಲದೊಡನೆ ತೊಟ್ಟು ನೋಡಬೇಕು. ಬಿಗಿಯಾದ ಬೂಟಿನಲ್ಲಿ ರಕ್ತ ಹರಿಯದೆ ಕಾಲ್ಬೆರಳು ಮರಗಟ್ಟುತ್ತವೆ, ಸಡಿಲವಾದದ್ದರಲ್ಲಿ ಮುಳ್ಳು ಒದ್ದಾಗ ಹಿಮ್ಮಡಿ ಏಳುತ್ತದೆ. ಕೈಗವಸು ಮೂರು ಜೊತೆಯಾದರೂ ಬೇಕು, ಏಕೆಂದರೆ ಒದ್ದೆಯಾದ ಜೊತೆ ಆ ದಿನ ಮತ್ತೆ ಒಣಗುವುದಿಲ್ಲ. ಹೆಲ್ಮೆಟ್ ಹತ್ತುವಾಗ ಮಾತ್ರವಲ್ಲ, ಗೋಡೆಯ ಹತ್ತಿರ ನಿಂತು ಚಹಾ ಕುಡಿಯುವಾಗಲೂ ತಲೆಯ ಮೇಲಿರಬೇಕು.